ಹಿತ್ತಲ ಸ್ಟಾಪು

ಹಿತ್ತಲು ಅನ್ನಬೇಕೆಂದರೆ ನನಗೇ ನಗು.
ಬಚ್ಚಲ ಗೋಡೆಗೂ ಹಿಂದಿನ ಮನೆಯ ಕಾಂಪೌಂಡಿಗೂ ನಡುವೆ
ನಾಲ್ಕಡಿ ಜಾಗ.
ಒಂದು ಒಗೆಯುವ ಕಲ್ಲು, ಸಂಪಿನ ಮುಚ್ಚಳ,
ಯಾರೂ ನೆಡದೆ ಎದ್ದ ಒಂದು ಪರಂಗಿ,
ಮತ್ತೆ ಆಚೆಯಿಂದ ನಮ್ಮ ಕಡೆಗೇ ಬಾಗಿದ
ಫಿಲೋಮಿನಾ ಅವರ ನುಗ್ಗೆ.

ಸೆಕೆಂಡ್ ಶಿಫ್ಟು ಬಿದ್ದ ತಿಂಗಳು ಮಾತ್ರ
ಬೆಳಗು ನನ್ನದು.
ಉಳಿದಂತೆ ಐದೂಕಾಲಿಗೆ ಡಿಪೋ,
ಮಂಜಿನಲ್ಲಿ ಬಸ್ಸುಗಳು ಕೆಮ್ಮುತ್ತ ಏಳುವ ಹೊತ್ತು;
ಮತ್ತಿಕೆರೆಯ ಹಕ್ಕಿಗಳಿಗಿಂತ ಮೊದಲೇ
ನಾನು ಸೀಟಿ ಊದಿರುತ್ತೇನೆ.

ಈ ಧನುರ್ಮಾಸ ಹಾಗಲ್ಲ.
ಸ್ವೆಟರಿನ ಮೇಲೆ ಗಂಡನ ಮಫ್ಲರು ಸುತ್ತಿ
ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು
ಕಲ್ಲಿನ ಮೇಲೆ ಕೂತೆ. ಕಲ್ಲು ತಣ್ಣಗೆ ಕಚ್ಚಿತು.
ಎದುರಿಗೆ ಸುಲಿಯಬೇಕಾದ ಅವರೆಕಾಯಿ ಗುಡ್ಡೆ.
ಸೊಗಡು ಬೆರಳಿಗೆ ಹತ್ತಿ
ಚಿಲ್ಲರೆಯ ವಾಸನೆ ಮೊದಲ ಸಲ ಸೋತಿತು.

ಬಟ್ಟೆ ತಂತಿಗೂ ಪೈಪಿಗೂ ನಡುವೆ ಜೇಡ ಹೆಣೆದದ್ದು
ನಿನ್ನೆಯೂ ಇತ್ತೇನೋ,
ಇಬ್ಬನಿ ಕೂತ ಮೇಲೆಯೇ ಕಂಡದ್ದು.
ಹನಿ ಎಣಿಸಲು ಹೋದೆ, ಅಭ್ಯಾಸ.
ನಲವತ್ತರ ಹತ್ತಿರ ಒಂದು ಇನ್ನೊಂದನ್ನು ನುಂಗಿ
ಲೆಕ್ಕ ತಪ್ಪಿತು.
ರಾತ್ರಿ ಕ್ಯಾಷ್ ಕಟ್ಟುವಾಗ ಹೀಗಾದರೆ ಕೈಯಿಂದ ತುಂಬಬೇಕು.
ಇಲ್ಲಿ ಯಾರೂ ಕೇಳಲಿಲ್ಲ.

ಎರಡು ಮಹಡಿಗಳ ಸಂದಿಯಿಂದ
ಈ ದಿನಗಳಲ್ಲಿ ನಮಗೆ ಸಿಗುವ ಬಿಸಿಲು ಹನ್ನೊಂದು ನಿಮಿಷ.
ಎಂಟೂ ನಲವತ್ತಕ್ಕೆ ನುಗ್ಗೆಯ ತುದಿ ಹತ್ತಿ
ಕೊಂಬೆ ಕೊಂಬೆಗೂ ನಿಂತು ಇಳಿಯುತ್ತದೆ.
ಆಗ ಸೂರಕ್ಕಿ. ಹೆಬ್ಬೆರಳಿನಷ್ಟು ಗಾತ್ರ,
ಹೂವಿಗೆ ತಲೆಕೆಳಗಾಗಿ ಜೋತು,
ನೇರಳೆಯೋ ಹಸಿರೋ ಎಂದು ತೀರ್ಮಾನಿಸುವುದರೊಳಗೆ
ಬರೀ ಅಲ್ಲಾಡುವ ಗೊಂಚಲು.

ಟುವ್ವಿ ಕಾಣುವುದೇ ಇಲ್ಲ.
ಪರಂಗಿ ಎಲೆಯ ಹಿಂದಿನಿಂದ
ಟುವ್ವೀ ಟುವ್ವೀ ಟುವ್ವೀ;
ಅಷ್ಟು ಸಣ್ಣ ಮೈಗೆ ಅಷ್ಟು ದೊಡ್ಡ ಗಂಟಲು,
ಹಿಂದಿನ ಬಾಗಿಲಲ್ಲಿ ಸಿಕ್ಕಿಕೊಂಡು ಸ್ಟಾಪ್ ಸ್ಟಾಪ್ ಅನ್ನುವ
ಸ್ಕೂಲು ಹುಡುಗಿಯ ಹಾಗೆ.

ಆಮೇಲೆ, ಅದು.
ಟ್ಯಾಂಕಿನ ವಾಲ್ವು ಸೋರಿ ಸೋರಿ ಪಾಚಿ ಹಿಡಿದ ಕಡೆ
ಬೂದು ಬೆನ್ನು, ಬಾಲದ ಬುಡದಲ್ಲಿ
ಕನಕಕ್ಕೆ ಬೆರೆಸುವ ಅರಿಸಿನದಷ್ಟು ಹಳದಿ.
ನಡೆಯುತ್ತದೆ, ನಿಲ್ಲುತ್ತದೆ,
ನಿಂತರೂ ಬಾಲ ನಿಲ್ಲುವುದಿಲ್ಲ.
ಫಿಲೋಮಿನಾ ಮೊಮ್ಮಗ ಗೋಡೆಯ ಮೇಲಿಂದ ಹೇಳಿದ:
‘ಅದು ಕುಂಡೆಕುಸ್ಕ ಆಂಟಿ. ಚಳಿಗಾಲಕ್ಕೆ ಹಿಮಾಲಯದಿಂದ ಬರುತ್ತೆ.’
ಹೆಸರಿಗೆ ಇಬ್ಬರೂ ನಕ್ಕೆವು.
ಅಷ್ಟು ದೂರದಿಂದ, ನಮ್ಮ ಬಚ್ಚಲ ಹಿಂದಿನ ನೀರಿಗೆ!
ಹೆಣ್ಣೋ ಗಂಡೋ ತಿಳಿಯದೆ
ಮನಸ್ಸಿನಲ್ಲೇ ಒಂದು ಸೊನ್ನೆ ರೂಪಾಯಿ ಟಿಕೆಟ್ಟು
ಹರಿದುಕೊಟ್ಟೆ.

ಸಂಕ್ರಾಂತಿಯ ಹಿಂದಿನ ವಾರ
ವಾಲ್ವು ಬದಲಿಸಲು ಮುಬಾರಕ್ ಬಂದ.
ಉಗಾದಿ ಕಳೆದು ಬಾರಪ್ಪಾ
ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.
ಹೋದ ಬೇಸಿಗೆ ಇದೇ ಓಣಿಯಲ್ಲಿ ಟ್ಯಾಂಕರಿಗೆ ಕಾದು
ಬಿಂದಿಗೆ ಎತ್ತಿ ಜಗಳಾಡಿದವಳೂ ನಾನೇ.
ಸುಮ್ಮನೆ ಪಕ್ಕಕ್ಕೆ ಸರಿದೆ.
ಅವನ ಕೆಲಸ ಹತ್ತು ನಿಮಿಷದ್ದು.
ಎರಡು ದಿನಕ್ಕೆ ಪಾಚಿ ಕಂದಿತು,
ಮೂರನೆಯ ದಿನ ಹಪ್ಪಳದಂತೆ ಎದ್ದಿತು.

ಈಗ ಅಕ್ಕಿ ತೊಳೆದ ನೀರು ಸಿಂಕಿಗೆ ಹೋಗುವುದಿಲ್ಲ.
ಚೊಂಬಿನಲ್ಲಿ ತಂದು ಗೋಡೆಯ ಬುಡಕ್ಕೆ
ನಿಧಾನ, ಸೋರುವಷ್ಟೇ ನಿಧಾನ, ಸುರಿಯುತ್ತೇನೆ.
ಅತ್ತೆ ಒಳಗಿಂದ ಕೇಳುತ್ತಾರೆ:
ಏನೇ ಅದು, ಗೋಡೆಗೆ ಅಭಿಷೇಕ?

ಮೊದಲ ದಿನ ಕಾಗೆ ಬಂತು.
ಮರುದಿನ ಗೊರವಂಕ ಎರಡು, ಬೈದಾಡುತ್ತ.

ಇವತ್ತು, ಎಂಟೂ ನಲವತ್ತೊಂಬತ್ತು.
ಬಿಸಿಲಿಗೆ ಇನ್ನೆರಡೇ ನಿಮಿಷ.
ಟುವ್ವಿ ಯಾಕೋ ಬಾಯಿ ಮುಚ್ಚಿದೆ.
ಮಫ್ಲರನ್ನು ಕಿವಿಯಿಂದ ಸರಿಸಿ
ಕೂತಿದ್ದೇನೆ, ಸೀಟಿ ಬಾಯಲ್ಲಿಟ್ಟು ಊದದೆ,
ದೂರದಿಂದ ಓಡಿ ಬರುವವರಿಗಾಗಿ
ಬಸ್ಸು ಹಿಡಿದು ನಿಲ್ಲಿಸಿದ ಹಾಗೆ.